ನಾಲ್ಕು ತೂತಿನ ತೋಳು

ನಮ್ಮ ಬೀದಿಯ ತುದಿಯಲ್ಲಿ ಎತ್ತರದ ಗೇಟಿನ ಮನೆಯೊಂದಿದೆ. ಅಲ್ಲೊಂದು ನಾಯಿ ಇದೆ, ಕರುವಿನ ಗಾತ್ರದ್ದು. ಗೇಟು ಎಷ್ಟೇ ಎತ್ತರವಿದ್ದರೂ ಅದರ ಚಿಲಕ ಸಡಿಲ. ಹಾಲಿನವನು ಓಡಿದ್ದಾನೆ, ಪೇಪರಿನವನು ಓಡಿದ್ದಾನೆ, ತುಂಬಿದ ಸಿಲಿಂಡರ್ ಹೊತ್ತವನೂ ಓಡಿದ್ದಾನೆ. ಚಿಲಕ ಸರಿ ಮಾಡಿಸಿ ಎಂದರೆ ಯಜಮಾನರು ನಗುತ್ತಿದ್ದರು.

"ಅದು ನಾಯಿ ಅಲ್ಲಮ್ಮ, ನಮ್ಮನೆ ಮಗು. ಬೊಗಳೋ ನಾಯಿ ಕಚ್ಚಲ್ಲ ಅಂತ ಗಾದೇನೇ ಇದೆಯಲ್ಲ!"

ನಾಯಿ ಅಲ್ಲ ಎಂದ ಬಾಯಲ್ಲೇ ನಾಯಿಯ ಗಾದೆ. ಗಾದೆ ನಮಗೂ ಗೊತ್ತು. ಆದರೆ ಅದು ನಾಯಿಗೂ ಗೊತ್ತಿರಬೇಕಲ್ಲ?

ನಾನು ಆ ಗೇಟಿನ ಎದುರಿಗೇ ಇಸ್ತ್ರಿ ಗಾಡಿ ಇಟ್ಟುಕೊಂಡವಳು. ಪಕ್ಕದ ಅಂಗಡಿ ಟೈಲರಮ್ಮನದು. ಅಂಗಡಿ ಎಂದರೆ ಎಂಟಡಿ ಜಾಗ. ಒಂದು ಮೆಷಿನ್, ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೂತ ಅವಳ ಅತ್ತೆ. ಗಂಡ ತೀರಿಕೊಂಡ ಮೇಲೆ ಇಬ್ಬರ ಹೊಟ್ಟೆಪಾಡೂ ಟೈಲರಮ್ಮನ ಬಲಗೈ ಮೇಲೆ ನಿಂತಿದೆ. ನಾಯಿ ಬಾಯಿ ಹಾಕಿದ್ದು ಆ ಕೈಗೇ.

ಬೆಳಿಗ್ಗೆ ಹನ್ನೊಂದು ಗಂಟೆ ಇರಬಹುದು. ಹೊಲಿದ ಪರದೆಗಳನ್ನು ಕೊಡಲು ಹೋಗಿ ಅವಳು ಆ ಮನೆಯ ಬೆಲ್ ಒತ್ತಿದಳು. ಬಾಗಿಲು ತೆರೆಯುವ ಮೊದಲೇ ಗೇಟು ತೆರೆಯಿತು. ನಾಯಿ ಹಾರಿತು. ಪರದೆಗಳೆಲ್ಲ ರಸ್ತೆಗೆ ಬಿದ್ದವು, ತುಂಬುತೋಳಿನ ಅಂಗಿಯ ಸಮೇತ ಅವಳ ಬಲ ಮುಂಗೈ ನಾಯಿಯ ಬಾಯಲ್ಲಿತ್ತು. ನಾನು ಗಾಡಿಯ ಮೇಲಿದ್ದ ನೀರಿನ ಚೊಂಬು ಎತ್ತಿಕೊಂಡು ಓಡಿ ನಾಯಿಯ ಮುಖಕ್ಕೆ ಎರಚಿದೆ. ಆಗ ಬಿಟ್ಟಿತು. ನಾನು ಬಿಟ್ಟು ಬಂದ ಇಸ್ತ್ರಿ ಪೆಟ್ಟಿಗೆ ಯಾರದೋ ಪ್ಯಾಂಟು ಸುಟ್ಟಿತು, ಅದರ ಬೈಗುಳ ಬೇರೆ ತಿಂದೆ.

ಯಜಮಾನರು ಹೊರಗೆ ಬಂದು ಆಡಿದ ಮೊದಲ ಮಾತು ಏನು ಗೊತ್ತೇ?

"ಅಯ್ಯೋ, ಪರದೆ ಎಲ್ಲ ಮಣ್ಣಾಯ್ತಲ್ರೀ!"

ಅತ್ತೆಯಾದರೂ ಗಾಬರಿಯಾದರೇ? ಇಲ್ಲ. "ಸ್ವಲ್ಪ ತರಚಿದೆ ಅಷ್ಟೆ. ಒಂದು ಬಟ್ಟೆ ಕಟ್ಟಿದ್ರೆ ಸರಿಹೋಗತ್ತೆ" ಎಂದರು. ನಾನು ಕೇಳಲಿಲ್ಲ. ಅವಳ ಎಡಗೈ ಹಿಡಿದು ಎಳೆದುಕೊಂಡೇ ಆಸ್ಪತ್ರೆಗೆ ಹೋದೆ.

ಅಲ್ಲಿ ನರ್ಸಮ್ಮ ಗಾಯವನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಾಕಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆದರು.

"ಇದನ್ನ ಮನೇಲೇ, ಕಚ್ಚಿದ ತಕ್ಷಣ ಮಾಡ್ಬೇಕು. ಪುಡಿ, ಎಣ್ಣೆ ಅಂತ ಏನೂ ಮೆತ್ತಬಾರದು. ಹುಚ್ಚುನಾಯಿ ರೋಗ ಬಂದ್ಮೇಲೆ ಉಳಿಸೋದು ಆಗದ ಮಾತು, ಬರೋಕೆ ಮುಂಚೆ ಮಾತ್ರ ತಡೀಬಹುದು. ಸಾಕಿದ ನಾಯಿ ಆದ್ರೂ ಅಷ್ಟೆ, ಸಣ್ಣ ಗಾಯ ಆದ್ರೂ ಅಷ್ಟೆ. ಈ ಚೀಟೀಲಿ ಬರೆದಿರೋ ಒಂದು ದಿನಾನೂ ಇಂಜೆಕ್ಷನ್ ತಪ್ಪಿಸ್ಬೇಡಿ. ಚೀಟಿ ಜೋಪಾನ."

ಚೀಟಿಯನ್ನು ಜೋಪಾನ ಮಾಡಿದೆವು. ಬುದ್ಧಿಯನ್ನು ಮಾಡಲಿಲ್ಲ. ಎರಡನೇ ಇಂಜೆಕ್ಷನ್‌ಗೆ ಹೋದಾಗ ನರ್ಸಮ್ಮ ಕೇಳಿದರು.

"ಕಚ್ಚಿದಾಗ ಹಾಕಿದ್ದ ಅಂಗಿ ಎತ್ತಿಟ್ಟಿದೀರಾ?"

"ಇದೇ ಅಲ್ವಾ, ಹಾಕ್ಕೊಂಡೇ ಬಂದಿದೀನಿ" ಎಂದಳು ಟೈಲರಮ್ಮ.

ನರ್ಸಮ್ಮ ತೋಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹರಿದೇ ಇಲ್ಲ?"

"ಹರೀದೆ ಏನು! ಅವತ್ತೇ ಮಧ್ಯಾಹ್ನ ರಕ್ತ ಒಗೆದು ತೆಗೆದೆ. ಒಳಗಿನ ಮಡಿಕೆಯಿಂದ ಎಳೆ ಬಿಡಿಸ್ಕೊಂಡು ತೂತೇ ಕಾಣದ ಹಾಗೆ ರಫು ಮಾಡಿದೆ. ಅತ್ತೆ ಬಟ್ಟೆ ಹಿಡ್ಕೊಂಡ್ರು, ನಾನು ಎಡಗೈಲಿ ಹೊಲಿದೆ. ಅಕ್ಕ ಇಸ್ತ್ರಿ ಹಾಕಿಕೊಟ್ರು. ಟೈಲರ್ ಹರಿದ ಅಂಗಿ ಹಾಕ್ಕೊಂಡು ತಿರುಗಿದ್ರೆ ಬಟ್ಟೆ ಯಾರು ಕೊಡ್ತಾರೆ ಹೇಳಿ?"

ಅವಳ ಮುಖದಲ್ಲಿ ಹೆಮ್ಮೆ. ನನ್ನ ಮುಖದಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ. ನರ್ಸಮ್ಮ ಹಣೆ ಹಣೆ ಚಚ್ಚಿಕೊಂಡರು.

"ಮೂರು ಜನ ಸೇರಿ ಸಾಕ್ಷೀನೇ ಮುಚ್ಚಿಬಿಟ್ರಲ್ಲ! ಗಾಯದ ಫೋಟೋ ಆದ್ರೂ ತೆಗೆದಿದೀರಾ?"

ಅದೂ ಇರಲಿಲ್ಲ. ಅಷ್ಟು ಹೊತ್ತಿಗೆ ಗಾಯ ಒಣಗತೊಡಗಿ ಮೇಲೆ ಪಟ್ಟಿಯೂ ಬಿದ್ದಿತ್ತು.

"ಇನ್ಮೇಲಾದ್ರೂ ಕೇಳಿಸ್ಕೊಳ್ಳಿ. ಬೇರೆಯವರ ನಾಯಿ ಕಚ್ಚಿದ್ರೆ ಔಷಧಿ ಖರ್ಚು, ಓಡಾಟದ ಖರ್ಚು, ಕೆಲಸ ಹೋದ ದಿನಗಳ ಸಂಪಾದನೆ ಕೇಳೋ ಹಕ್ಕು ನಿಮಗಿದೆ. ಅದು ಭಿಕ್ಷೆ ಅಲ್ಲ. ದಿನ, ಹೊತ್ತು, ಜಾಗ, ನೋಡಿದವರು ಯಾರು ಅಂತ ಬರೆದು ವಾರ್ಡ್ ಆಫೀಸಿಗೂ ಪೊಲೀಸ್ ಠಾಣೆಗೂ ದೂರು ಕೊಡಿ. ಕೊಟ್ಟಿದ್ದಕ್ಕೆ ಸೀಲು ಹಾಕಿದ ನಕಲು ಇಸ್ಕೊಳ್ಳಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದ್ರೆ ಉಚಿತ ಕಾನೂನು ನೆರವಿನ ಆಫೀಸಿದೆ."

ಅಂಗಡಿಗೆ ಬಂದು ಹೇಳಿದರೆ ಅತ್ತೆ ಸೂಜಿ ಕೆಳಗಿಟ್ಟರು.

"ನೀರಲ್ಲಿದ್ಕೊಂಡು ಮೊಸಳೆ ಹತ್ರ ಜಗಳಾನಾ? ನಮಗ್ಯಾಕಮ್ಮ ದೊಡ್ಡವರ ಸಹವಾಸ?"

"ಮೊಸಳೆ ಕಚ್ಚಿ ಆಯ್ತಲ್ಲ ಅತ್ತೆ" ಎಂದಳು ಟೈಲರಮ್ಮ. "ಇನ್ನೇನು ಮಾಡತ್ತೆ?"

ಕೈ ವಾಸಿಯಾಗಲಿಲ್ಲ. ಗಾಯ ಕೂಡಿತು, ಆದರೆ ನರಕ್ಕೆ ಪೆಟ್ಟಾಗಿ ಹೆಬ್ಬೆರಳೂ ತೋರುಬೆರಳೂ ಜೋಮು ಹಿಡಿದವು. ಎರಡು ತಿಂಗಳು ಕತ್ತರಿ ಮುಟ್ಟಬೇಡ ಎಂದರು ಡಾಕ್ಟರು. ಗಿರಾಕಿಗಳು ಕೊಟ್ಟ ಬಟ್ಟೆಗಳನ್ನು ಒಬ್ಬೊಬ್ಬರಾಗಿ ವಾಪಸು ಒಯ್ದರು. ಮೆಷಿನ್ನಿಗೆ ಹೊದಿಕೆ ಬಿತ್ತು.

ಅಂಥ ಹೊತ್ತಿಗೆ ಸರಿಯಾಗಿ ಗೇಟಿನ ಮನೆಯ ಡ್ರೈವರ್ ಬಂದ. ಒಂದು ಕೈಯಲ್ಲಿ ಕವರು, ಇನ್ನೊಂದರಲ್ಲಿ ಕಾಗದ.

"ಯಜಮಾನ್ರು ಕೊಟ್ಟಿದಾರೆ. ತಗೊಂಡು ಇಲ್ಲೊಂದು ಸೈನ್ ಹಾಕಿ."

ನಾನು ಕಾಗದ ಇಸಿದುಕೊಂಡು ಗಟ್ಟಿಯಾಗಿ ಓದಿದೆ. 'ನನಗೆ ಬರಬೇಕಾದದ್ದೆಲ್ಲ ಬಂದಿದೆ, ಮುಂದೆ ಏನನ್ನೂ ಕೇಳುವುದಿಲ್ಲ' ಎಂದಿತ್ತು. ಕವರಿನಲ್ಲಿದ್ದದ್ದು ಒಂದು ವಾರದ ಮಾತ್ರೆಗೂ ಸಾಲದು.

ಅತ್ತೆ ಕಣ್ಣಲ್ಲೇ ಹೇಳುತ್ತಿದ್ದರು, ಬಂದಷ್ಟು ಬರಲಿ, ಹಾಕಮ್ಮ. ಟೈಲರಮ್ಮ ಕವರನ್ನು ಮುಟ್ಟಲಿಲ್ಲ.

"ಈ ಕೈಲಿ ಕತ್ತರೀನೂ ಹಿಡಿಯಕ್ಕಾಗಲ್ಲ, ಪೆನ್ನೂ ಹಿಡಿಯಕ್ಕಾಗಲ್ಲ. ಯಾಕೆ ಆಗಲ್ಲ ಅಂತ ನಿಮ್ಮ ಯಜಮಾನ್ರಿಗೆ ಗೊತ್ತಿದೆ. ಹೋಗಿ ಹೇಳಪ್ಪ."

ಅವತ್ತೇ ದೂರು ಬರೆಸಿದಳು. ನೋಡಿದವರು ಎಂಬಲ್ಲಿ ನನ್ನ ಹೆಸರು ಬೇಕಿತ್ತು. ಈಗ ನನ್ನ ನಾಚಿಕೆಗೇಡಿನ ಮಾತು ಹೇಳುತ್ತೇನೆ. ನಾನು ಎರಡು ದಿನ ತಪ್ಪಿಸಿಕೊಂಡು ತಿರುಗಿದೆ. ಗೇಟಿನ ಮನೆಯಿಂದ ವಾರಕ್ಕೆ ಇಪ್ಪತ್ತು ಅಂಗಿ ನನ್ನ ಗಾಡಿಗೆ ಬರುತ್ತಿದ್ದವು. ಬಾಯಿ ಬಿಟ್ಟರೆ ಅವು ಹೋಗುತ್ತವೆ. ಮೂರನೇ ದಿನ ಟೈಲರಮ್ಮನೇ ಗಾಡಿಯ ಹತ್ತಿರ ಬಂದು ನಿಂತಳು.

"ಅಕ್ಕಾ, ನಾಯಿ ಮೇಲೆ ನೀರು ಎರಚೋವಾಗ ಇಷ್ಟೆಲ್ಲ ಯೋಚನೆ ಮಾಡಿದ್ರಾ?"

ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಅವಳ ಜೊತೆ ಹೊರಟೆ.

ಕಾನೂನು ನೆರವಿನ ಆಫೀಸಿನವರು ಎರಡೂ ಕಡೆಯವರನ್ನು ಮಾತುಕತೆಗೆ ಕರೆದರು. ಸಣ್ಣ ಕೋಣೆ, ಉದ್ದ ಮೇಜು, ಕಿರುಗುಡುವ ಫ್ಯಾನು. ಮೇಜಿನ ತಲೆಯಲ್ಲಿ ಅಧಿಕಾರಿ ಮೇಡಂ. ಒಂದು ಕಡೆ ಗೇಟಿನ ಯಜಮಾನರು, ಇನ್ನೊಂದು ಕಡೆ ನಾವು ಮೂವರು ಹೆಂಗಸರು. ಟೈಲರಮ್ಮ ಅವತ್ತಿನ ಅಂಗಿಯನ್ನು ಮಡಚಿ ತಂದು ಮುಂದಿಟ್ಟುಕೊಂಡಿದ್ದಳು. ನಾನು ಕಂಡದ್ದನ್ನು ಕಂಡಂತೆ ಹೇಳಿದೆ. ಯಜಮಾನರು ಕಾಲ ಮೇಲೆ ಕಾಲು ಹಾಕಿಕೊಂಡೇ ಉತ್ತರ ಕೊಟ್ಟರು.

"ಇವರಿಬ್ಬರೂ ಅಕ್ಕಪಕ್ಕದವರು ಮೇಡಂ, ಒಬ್ಬರಿಗೊಬ್ಬರು ಹೇಳ್ಕೊಡ್ತಾರೆ. ನಾಯಿ ಹಾರಿತು, ಇಲ್ಲ ಅನ್ನಲ್ಲ. ಆಟ ಆಡೋಕೆ ಹಾರಿತು. ಉಗುರು ತಾಗಿರಬಹುದು. ಆಸ್ಪತ್ರೇಲಿ ಇವರು ಹೇಳಿದ್ದನ್ನೇ ಬರೀತಾರೆ. ಬೆರಳು ಜೋಮು ಅಂದ್ರೆ ದಿನಾ ಕತ್ತರಿ ಹಿಡಿಯೋರಿಗೆ ಇದ್ದದ್ದೇ. ಅಷ್ಟು ಆಳಕ್ಕೆ ಹಲ್ಲು ಇಳಿದಿದ್ರೆ ಬಟ್ಟೆ ಹರೀಬೇಕಿತ್ತಲ್ಲ? ಅವತ್ತಿನ ಅಂಗಿ ಇದೇ ಅಂತೆ. ಎಲ್ಲಿದೆ ತೂತು? ಒಂದೇ ಒಂದು ತೋರಿಸಲಿ!"

ಆ ತೋಳಿಗೆ ಇಸ್ತ್ರಿ ಹಾಕಿದವಳು ನಾನೇ.

ಟೈಲರಮ್ಮ ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ಪರ್ಸಿನಿಂದ ಕಾಗದ ಸುತ್ತಿದ ಅರ್ಧ ಬ್ಲೇಡು ತೆಗೆದಳು. ಹೊಲಿಗೆ ಬಿಚ್ಚಲು ಟೈಲರುಗಳು ಸದಾ ಇಟ್ಟುಕೊಳ್ಳುವಂಥದ್ದು ಅದು.

"ಮೇಡಂ, ನಾನು ಹೊಲಿದದ್ದನ್ನ ನಾನೇ ಬಿಚ್ಚಬಹುದಾ?"

"ಬಿಚ್ಚಿ" ಎಂದರು ಮೇಡಂ.

ಎಡಗೈಯಲ್ಲಿ ಬ್ಲೇಡು ಹಿಡಿದಳು. ಬಟ್ಟೆ ಜಾರಿತು. ಆಗ ಅತ್ತೆ ಎದ್ದರು. ಅವತ್ತು ಹೊಲಿಯುವಾಗ ಹಿಡಿದಿದ್ದ ಹಾಗೆಯೇ ತೋಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದರು. ಒಂದೊಂದೇ ಎಳೆ ಕಡಿಯಿತು. ಒಂದು ತೂತು. ಪಕ್ಕದಲ್ಲಿ ಇನ್ನೊಂದು. ತೋಳು ಮಗುಚಿದರೆ ಕೆಳಗೆ ಮತ್ತೆರಡು. ಅಷ್ಟು ಚಂದದ ಕೆಲಸವನ್ನು ತನ್ನ ಕೈಯಾರೆ ಕೆಡಿಸುತ್ತಿದ್ದರೂ ಅವಳು ನಿಲ್ಲಿಸಲಿಲ್ಲ.

ಆಮೇಲೆ ತೋಳನ್ನು ಕೈಗೆ ಏರಿಸಿ ಮೇಡಂ ಮುಂದೆ ಚಾಚಿದಳು. ನಾಲ್ಕು ತೂತು, ಪ್ರತಿ ತೂತಿನ ಅಡಿಗೂ ಒಂದೊಂದು ಕಲೆ. ಒಂದೂ ಆಚೀಚೆ ಇರಲಿಲ್ಲ.

ಮಾತಾಡಿದ್ದು ಅತ್ತೆ. ದೊಡ್ಡವರ ಸಹವಾಸ ಬೇಡ ಎಂದಿದ್ದ ಅದೇ ಅತ್ತೆ.

"ಉಗುರು ಗೀರತ್ತೆ ಸ್ವಾಮಿ, ಹೀಗೆ ಮೇಲೂ ಕೆಳಗೂ ಎದುರುಬದುರಾಗಿ ತೂತು ಹಾಕಲ್ಲ. ನಲವತ್ತು ವರ್ಷ ಗುಂಡಿಗೆ ತೂತು ಹೊಂದಿಸಿದೋಳು ನಾನು, ನನಗೆ ಹೇಳಿಕೊಡ್ಬೇಡಿ. ಅದು ನಿಮ್ಮ ಮಗು ಅಂತೀರಲ್ಲ? ಮಗು ಮಾಡಿದ ತಪ್ಪಿಗೆ ಅಪ್ಪ ತಲೆ ಕೊಡ್ಬೇಕು."

ಮೇಲಿದ್ದ ಕಾಲು ಕೆಳಗಿಳಿಯಿತು. ಮೇಡಂ ಆಸ್ಪತ್ರೆಯ ಚೀಟಿಗಳನ್ನೂ ದೂರಿನ ನಕಲನ್ನೂ ಅವರ ಕಡೆ ಸರಿಸಿ, "ಇಲ್ಲೇ ಮುಗಿಸ್ತೀರೋ, ಕೋರ್ಟಿಗೆ ಹೋಗೋಣವೋ?" ಎಂದು ಕೇಳಿದರು. ಇಲ್ಲೇ ಮುಗಿಯಿತು. ಚಿಕಿತ್ಸೆಯ ಖರ್ಚು, ಓಡಾಟದ ಖರ್ಚು, ಕೆಲಸವಿಲ್ಲದ ಎರಡು ತಿಂಗಳ ಸಂಪಾದನೆ ಎಲ್ಲ ಕಾಗದದ ಮೇಲೆ ಬಂತು. ಗೇಟಿಗೆ ಹೊಸ ಚಿಲಕ, ನಾಯಿಗೆ ಲಸಿಕೆ, ಹೊರಗೆ ತಂದರೆ ಸರಪಳಿ ಎಂದೂ ಬರೆಸಿದರು. ಈ ಸಲ ಟೈಲರಮ್ಮ ಪ್ರತಿ ಸಾಲನ್ನೂ ಓದಿಸಿ ಕೇಳಿ, ಎಡಗೈಯಲ್ಲೇ ಸೈನ್ ಹಾಕಿದಳು.

ಎಲ್ಲ ಮೊದಲಿನ ಹಾಗಾಯಿತೆಂದು ಹೇಳಲಾರೆ. ಅವಳು ಮತ್ತೆ ಕತ್ತರಿ ಹಿಡಿದಿದ್ದಾಳೆ, ತೋರುಬೆರಳು ಮಾತ್ರ ಇನ್ನೂ ಪೂರ್ತಿ ಮಾತು ಕೇಳುವುದಿಲ್ಲ. ಗೇಟಿನ ಮನೆಯ ಇಪ್ಪತ್ತು ಅಂಗಿ ನನ್ನ ಗಾಡಿಗೆ ಬರುವುದು ನಿಂತಿದೆ. ನಿಲ್ಲಲಿ. ಹಾಲಿನವನು ಈಗ ನಡೆದುಕೊಂಡೇ ಹೋಗುತ್ತಾನೆ, ಅದನ್ನು ನೋಡುವುದೇ ನನಗೊಂದು ಖುಷಿ.

ಆ ಅಂಗಿ ಅಂಗಡಿಯ ಮೊಳೆಗೆ ನೇತುಬಿದ್ದಿದೆ. ಒಮ್ಮೆ ಟೈಲರಮ್ಮನ ಕೈ ಸುಮ್ಮನಿರಲಾರದೆ ಅದರ ಕಡೆ ಹೋಯಿತು.

"ಅದಕ್ಕೆ ಸೂಜಿ ತಾಗಿಸಿದ್ರೆ ನೋಡು!" ಎಂದು ಅತ್ತೆ ಗದರಿದರು. "ಬಂದವರೆಲ್ಲ ನೋಡ್ಲಿ."

ನೀವೂ ನೋಡಿದಿರಲ್ಲ, ಇನ್ನು ನಮ್ಮ ಹಾಗೆ ಪೆದ್ದುತನ ಮಾಡಬೇಡಿ. ನಿಮ್ಮನ್ನೋ ನಿಮ್ಮ ಮಕ್ಕಳನ್ನೋ ನಾಯಿ ಕಚ್ಚಿದರೆ ಯಾರ ಮನೆಯದು ಎಂದು ಅಂಜಬೇಡಿ, ಕವರು ನೋಡಿ ಕರಗಬೇಡಿ, ಓದದೆ ಸೈನ್ ಹಾಕಬೇಡಿ. ಪಕ್ಕದವರಿಗೆ ಕಚ್ಚಿದ್ದನ್ನು ಕಂಡಿದ್ದರೆ ನಾನು ಎರಡು ದಿನ ಅಡಗಿದಂತೆ ಅಡಗದೆ, ಹೋಗಿ ಹೇಳಿ. ಮೊದಲು ಸೋಪು ನೀರು, ಕೂಡಲೇ ಇಂಜೆಕ್ಷನ್, ಆಮೇಲೆ ಫೋಟೋ, ಚೀಟಿ, ದೂರು. ಹರಿದ ಬಟ್ಟೆಯನ್ನು ಹರಿದಂತೆಯೇ ಎತ್ತಿಡಿ. ನ್ಯಾಯ ಸಿಕ್ಕ ಮೇಲೆ ಬೇಕಾದರೆ ತನ್ನಿ, ನಮ್ಮ ಟೈಲರಮ್ಮ ಹೊಲಿದುಕೊಡುತ್ತಾಳೆ, ಇಸ್ತ್ರಿ ನಾನು ಹಾಕಿಕೊಡುತ್ತೇನೆ.