ಕೆಂಪು ದಾರದ ಕಂಬಳಿ

ಗಾರೆ ಮೇಸ್ತ್ರಿಯ ಹೆಣ ಎತ್ತಲು ನಾಲ್ವರು ಬಗ್ಗಿದ್ದರು. ಅಷ್ಟರಲ್ಲಿ, ಬಾಗಿಲಲ್ಲಿ ಬಂದು ನಿಂತ ಹೆಂಗಸಿನ ಕಂಕುಳಲ್ಲಿದ್ದ ಕಂಬಳಿಯ ಮೇಲೆ ಅವನ ಹೆಂಡತಿಯ ಕಣ್ಣು ಬಿತ್ತು. ಅಂಚಿಗೆ ಕೆಂಪು ದಾರದ ಹೊಲಿಗೆ. ಅದನ್ನು ಹಾಕಿದ್ದು ತಾನೇ.

"ಸ್ವಲ್ಪ ತಡೀರಿ," ಎಂದಳು.

ತಂಗಿ ಕಿವಿಯ ಹತ್ತಿರ ಬಗ್ಗಿದಳು. "ನಾನು ಹೇಳಿರ್ಲಿಲ್ವಾ ಅಕ್ಕ? ಬೆಂಕಿ ಇಲ್ದೆ ಹೊಗೆ ಆಡುತ್ತಾ? ನೋಡು, ಹೇಗೆ ಅಳ್ತಿದಾಳೆ."

ಅತ್ತು ಅತ್ತು ಆ ಹೆಂಗಸಿನ ಮುಖ ಊದಿತ್ತು. ತನ್ನ ಕಣ್ಣಲ್ಲೇ ಇನ್ನೂ ಹನಿ ಬಂದಿಲ್ಲ, ಇವಳದ್ದೇನು ಎಂದು ಹೆಂಡತಿಗೆ ಮೈಯೆಲ್ಲ ಉರಿಯಿತು.

*

ಬೇಸಿಗೆಯಲ್ಲಿ ಮೇಸ್ತ್ರಿ ಹೊತ್ತಿಗೆ ಸರಿಯಾಗಿ ಮನೆಯಲ್ಲಿರುತ್ತಿದ್ದ. ಚಳಿ ಬಿತ್ತೆಂದರೆ, ಉಳಿದ ಗಂಡಸರೆಲ್ಲ ಬೇಗ ಮನೆ ಸೇರುವ ಕಾಲದಲ್ಲಿ, ಇವನು ನಾಪತ್ತೆ. ವರ್ಷಕ್ಕೊಂದು ಕಂಬಳಿಯೂ ಜೊತೆಗೇ ಮಾಯ. ಕೇಳಿದರೆ "ಕಳೆದೋಯ್ತು ಕಣೆ." ಕೊಡೆ ಕಳೆಯುವವರನ್ನು ಅವಳು ಕಂಡಿದ್ದಳು, ಕಂಬಳಿ ಕಳೆಯುವವರನ್ನಲ್ಲ.

ಬೆಳಗ್ಗೆ ಬಂದವನು ಅವಳ ಹೊದಿಕೆಯೊಳಗೆ ಕೈ ತೂರಿಸಿ, "ಬೆಚ್ಚಗಿದೀಯಾ?" ಎನ್ನುತ್ತಿದ್ದ. ಅವಳು ಆ ಕೈ ತಳ್ಳುತ್ತಿದ್ದಳು.

"ಬೇರೆ ಯಾರ್ನೋ ಬೆಚ್ಚಗೆ ಮಾಡಿ ಬಂದಿದೀರಲ್ಲ, ಸಾಕು."

ಅವನು ನಕ್ಕುಬಿಡುತ್ತಿದ್ದ. ಆ ನಗುವೇ ಅವಳ ಅನುಮಾನದ ಬೆಂಕಿಗೆ ತುಪ್ಪ ಸುರಿಯುತ್ತಿತ್ತು.

*

"ಇದು ನಿಮ್ಮನೇದು ಅಕ್ಕ." ಹೆಂಗಸು ಕಂಬಳಿ ಚಾಚಿದಳು. "ನಾನು ಅವರ ಕೈಕೆಳಗೆ ಕಾಂಕ್ರೀಟು ಹೊರೋಳು. ನಿನ್ನೆವರೆಗೂ ಮೋಲ್ಡ್ ಮೇಲೇ ಇತ್ತು."

"ಯಾವ ಮೋಲ್ಡು?"

"ಹೊಸದಾಗಿ ಹಾಕಿದ ಛಾವಣಿ. ಚಳೀಲಿ ಕಾಂಕ್ರೀಟು ಬೇಗ ಗಟ್ಟಿಯಾಗಲ್ಲ. ನೀರುಣಿಸಿದ್ರೆ ಸಾಲ್ದು, ಬೆಚ್ಚಗೂ ಇಡ್ಬೇಕು. ಬೇಸಿಗೇಗಿಂತ ಜಾಸ್ತಿ ದಿನ ಕೆಳಗಿನ ಆಧಾರ ಬಿಚ್ಬಾರ್ದು. ಕಂಟ್ರಾಕ್ಟರಿಗೆ ಅವಸರ, ಅದಕ್ಕೆ ಇವರೇ ಹೊದಿಸಿ ಕಾವಲು ಕೂರ್ತಿದ್ರು. ಹಿಂದೊಂದ್ಸಲ ಬೇಗ ಬಿಚ್ಚಿ, ನನ್ನ ಗಂಡನ ಮೇಲೇ ಕುಸೀತು. ಬಿಚ್ಚಿ ಅಂದಿದ್ದು ಈ ಮೇಸ್ತ್ರಿಯವ್ರೇ."

"ಗಂಡ?"

"ಅಲ್ಲಿ, ಗೇಟಿನ ಹತ್ರ ಊರುಗೋಲು ಹಿಡಿದು ನಿಂತಿದಾರಲ್ಲ, ಅವರೇ."

"ಕತೆ ಚೆನ್ನಾಗಿ ಕಟ್ತಾಳೆ," ತಂಗಿ ಗೊಣಗಿದಳು.

ಹೆಂಡತಿಯೂ ಸುಲಭಕ್ಕೆ ನಂಬುವವಳಲ್ಲ. ಕಂಬಳಿ ಮೂಸಿದಳು. ತಲೆಯೆಣ್ಣೆಯ ವಾಸನೆ ಹುಡುಕಿದ ಮೂಗಿಗೆ ಸಿಮೆಂಟು ಬಡಿಯಿತು. ಮಡಚಲು ಹೋದರೆ ನಡುವೆ ಕಲ್ಲಾಗಿತ್ತು, ಬಾಗಲಿಲ್ಲ.

"ಗಳಿಗೆಗೊಮ್ಮೆ ಅಡೀಲಿ ಕೈ ಇಟ್ಟು ನೋಡೋರು," ಎಂದಳು ಹೆಂಗಸು, "ಬೆಚ್ಚಗಿದೆಯಾ ಅಂತ."

"ಹೊತ್ತಾಯ್ತು," ಎಂದರು ಯಾರೋ.

ಹೆಂಡತಿ ಕಂಬಳಿಯನ್ನು ಗಂಡನ ಮೇಲೆ ಹೊದಿಸಿ, ಅಂಚು ಸರಿಮಾಡಿ, ಅದರಡಿಗೆ ಕೈ ತೂರಿಸಿದಳು. ಎತ್ತುವವರು ಬಗ್ಗಿಕೊಂಡೇ ಕಾದರು. ಅವಳು ಕೈ ತೆಗೆಯಲಿಲ್ಲ.