ಕಣ್ಣಿಗೆ ಒಗ್ಗದ ಲೆನ್ಸು

ಲೆನ್ಸು ಹಾಕಿಕೊಂಡ ಮರುಗಳಿಗೆಗೇ ಶೀಲಾಳ ಕಣ್ಣಿಗೆ ಯಾರೋ ಖಾರದ ಪುಡಿ ತೂರಿದಂತಾಗುತ್ತಿತ್ತು. ಒಂದೆರಡು ದಿನದ ಮಾತಾಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರಬಹುದಿತ್ತು. ದಿನಾ ಬೆಳಗಾದರೆ ಅದೇ ಗೋಳು. ಕೆಂಗಣ್ಣು ಮಾಡಿಕೊಂಡು ಸೆರಗಿನಿಂದ ನೀರು ಒರೆಸಿಕೊಳ್ಳುವ ಅವಳನ್ನು ನೋಡಿ, ಗಂಡ ಹೊಡೆದನೇನು ಎಂದು ಓಣಿಯ ಹೆಂಗಸರು ಕೇಳುವ ಮಟ್ಟಕ್ಕೆ ಬಂದಿತ್ತು. ಗಂಡ ನೀಲಪ್ಪ, ಪಾಪ, ಬೆಕ್ಕಿಗೂ ಗದರಿದವನಲ್ಲ.

ಹಾಳಾಗಿ ಹೋಗಲಿ ಎಂದು ಲೆನ್ಸನ್ನು ಬಿಸಾಡುವಂತೆಯೂ ಇರಲಿಲ್ಲ. ಇಳಕಲ್ಲಿನ ಹನಮಂತಪ್ಪನ ಮಗ್ಗಗಳಿಗೆ ಸೆರಗು ಕೂಡಿಸುವ ಕೆಲಸ ಅವಳದು. ಸೀರೆಯ ಮೈಯ ಎಳೆ ಬೇರೆ, ಸೆರಗಿನ ಕೆಂಪು ರೇಷ್ಮೆ ಎಳೆ ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದನ್ನು ತೂರಿಸಿ ಕೊಂಡಿ ಹಾಕುತ್ತ, ಸೀರೆಯ ಅಗಲಕ್ಕೂ ಎಳೆ ಎಳೆಯನ್ನೇ ಜೋಡಿಸಬೇಕು. ಅವಳ ಕೈಗೆ ಊರಲ್ಲಿ ಹೆಸರಿತ್ತು. ಆದರೆ ಕಣ್ಣಿನ ಮುಂಭಾಗದ ಗಾಜಿನಂಥ ಪದರ ಉಬ್ಬಿ ಚೂಪಾಗುತ್ತ ಬಂದು, ಒಂದು ಎಳೆ ಎರಡಾಗಿ ಕಾಣತೊಡಗಿತ್ತು. ಇದು ಇನ್ನು ಕನ್ನಡಕಕ್ಕೆ ಬಗ್ಗುವುದಿಲ್ಲ, ಗಟ್ಟಿ ಲೆನ್ಸೇ ಆಗಬೇಕು ಎಂದು ಬಾಗಲಕೋಟೆಯ ಕಣ್ಣಿನ ಡಾಕ್ಟರು ಗೀತಾಂಜಲಿ ಹೇಳಿದ್ದರು. ಹನಮಂತಪ್ಪ ಕೆಟ್ಟವನೇನಲ್ಲ, ಆದರೂ ಕೊಂಡಿ ತಪ್ಪಿದ ಸೀರೆಯನ್ನು ಅವನು ಯಾರಿಗೆ ಮಾರಬೇಕು? ಸೋಮವಾರದವರೆಗೆ ನೋಡುತ್ತೇನೆ, ಆಮೇಲೆ ಬೇರೆಯವರನ್ನು ಕೂರಿಸುತ್ತೇನೆ ಎಂದುಬಿಟ್ಟಿದ್ದ.

ಬಾಗಲಕೋಟೆಗೆ ಅಲೆದೂ ಆಗಿತ್ತು. ಹುನಗುಂದ, ಅಮೀನಗಡ ದಾಟಿ, ಬಸ್ಸಿನ ಧೂಳು ಕುಡಿದು, ವಿದ್ಯಾಗಿರಿಯ ದವಾಖಾನೆಯಲ್ಲಿ ಪಾಳಿ ಹಚ್ಚಿ ಕೂತರೆ ಡಾಕ್ಟರು ಒಮ್ಮೆ ಲೆನ್ಸು ತೊಳೆಯುವ ನೀರು ಬದಲಿಸಿದರು, ಇನ್ನೊಮ್ಮೆ ಹನಿ ಬರೆದುಕೊಟ್ಟರು. ದಿನಕ್ಕೆ ಸ್ವಲ್ಪ ಹೊತ್ತು ಹಾಕಿ ರೂಢಿ ಮಾಡಿಕೋ, ನಿನ್ನದು ಸೂಕ್ಷ್ಮ ಕಣ್ಣು ಎಂದರು. ಆ ‘ಸೂಕ್ಷ್ಮ’ ಕೇಳಿದರೇ ಶೀಲಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ದುಡಿದು ತಿನ್ನುವವರಿಗೆ ದೇವರು ಸೂಕ್ಷ್ಮ ಕಣ್ಣನ್ನು ಯಾಕೆ ಕೊಡಬೇಕು? ಡಾಕ್ಟರ ಮೇಲೆ ಸಿಟ್ಟು, ಬಸ್ಸಿನ ಮೇಲೆ ಸಿಟ್ಟು, ಅನ್ನಕ್ಕೆ ಉಪ್ಪು ಕೇಳಿದ ನೀಲಪ್ಪನ ಮೇಲೂ ಸಿಟ್ಟು.

ಸಿಟ್ಟು ಬಾರದಿದ್ದುದು ಅತ್ತೆ ಗುರುಲಿಂಗವ್ವನ ಮೇಲೊಂದೇ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಅವಳು ವಿಭೂತಿ ಗಟ್ಟಿ ಹಿಡಿದು ಸೊಸೆಯ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಶೀಲಾ ಡಾಕ್ಟರು ಹೇಳಿದಂತೆ ಸಾಬೂನು ಹಚ್ಚಿ ಕೈ ತೊಳೆದು ಲೆನ್ಸಿನ ಡಬ್ಬಿ ತೆರೆಯುವ ಹೊತ್ತಿಗೆ, ಅವಳ ಹಣೆಗೆ ಮೂರು ಬೆರಳು ಎಳೆದು, ಮುಚ್ಚಿದ ಎರಡೂ ರೆಪ್ಪೆಗಳ ಮೇಲೆ ವಿಭೂತಿಯ ಬೆರಳನ್ನು ಮೆಲ್ಲಗೆ ಒತ್ತುತ್ತಿದ್ದಳು. ಬಸವಣ್ಣ ಕಣ್ಣು ಕಾಯಲಿ ಎನ್ನುತ್ತಿದ್ದಳು. ಉರಿ ಜಾಸ್ತಿಯಾದಷ್ಟೂ ರೆಪ್ಪೆಯ ಮೇಲಿನ ವಿಭೂತಿ ದಪ್ಪವಾಗುತ್ತ ಹೋಯಿತು.

ಶುಕ್ರವಾರ ಶೀಲಾ ಕಡೆಯ ಸಲ ಎಂದುಕೊಂಡು ಬಾಗಲಕೋಟೆಗೆ ಹೊರಟಾಗ ಗುರುಲಿಂಗವ್ವನೂ ಜೊತೆಗೆ ಬಂದಳು. ಮನೆಯಲ್ಲಿ ಹೇಗೆ ಹಾಕಿಕೊಳ್ಳುತ್ತೀಯೋ ಹಾಗೇ ನನ್ನೆದುರು ಹಾಕಿ ತೋರಿಸು ಎಂದರು ಡಾಕ್ಟರು. ಶೀಲಾ ಕೈ ತೊಳೆದು ಬಂದು ಕೂತಳು. ಗುರುಲಿಂಗವ್ವ ರೂಢಿಯಂತೆ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಸೊಸೆಯ ರೆಪ್ಪೆಗೆ ಕೈ ಚಾಚಿದಳು.

ಡಾಕ್ಟರು ಆ ಕೈಯನ್ನು ಅಲ್ಲೇ ಹಿಡಿದರು. “ದಿನಾ ಹಿಂಗ ಹಚ್ತೀರೇನ್ರಿ?” ಎಂದು ಕೇಳಿದರು.

ಆಮೇಲೆ ಅವರು ಹೇಳಿದ್ದು ಇಷ್ಟು: ಆ ಬೂದಿಯ ಕಣ ಲೆನ್ಸಿನಡಿ ಸೇರಿ ಕಣ್ಣನ್ನು ಕೆರೆಯುತ್ತಿದೆ, ಗಾಯ ಆಗದಿದ್ದುದೇ ಪುಣ್ಯ. ಎರಡು ದಿನ ಲೆನ್ಸು ಬೇಡ. ಸೋಮವಾರದಿಂದ ಹಾಕಿಕೋ, ವಿಭೂತಿ ಹಣೆಗಿದ್ದರೆ ಸಾಕು, ಅದೂ ಲೆನ್ಸು ಹಾಕಿದ ಮೇಲೆ.

ವಾಪಸು ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತರೂ ಗುರುಲಿಂಗವ್ವ ಕರದಂಟು ಕೊಳ್ಳಲು ಇಳಿಯಲಿಲ್ಲ. ಶೀಲಾಳ ಒಳಗೆ ಕುದಿಯುತ್ತಿತ್ತು. ಇಷ್ಟು ದಿನದ ನರಳಾಟ, ಓಣಿಯವರ ಮಾತು, ಕೈ ಬಿಟ್ಟು ಹೋಗಲಿದ್ದ ಕೆಲಸ, ಎಲ್ಲ ಈ ಮುದುಕಿಯಿಂದ. ಹುನಗುಂದ ದಾಟುವಷ್ಟರಲ್ಲಿ ಅತ್ತೆಗೆ ಅನ್ನಬೇಕಾದ್ದನ್ನೆಲ್ಲ ಸಾಲುಹಿಡಿದು ಜೋಡಿಸಿಕೊಂಡಿದ್ದಳು.

ಮನೆ ಹೊಕ್ಕವಳೇ ಗುರುಲಿಂಗವ್ವ ಚೀಲ ಕೆಳಗಿಟ್ಟಳು. “ವಿಭೂತಿ ಉರಿತೈತಂತ. ನನ್ನ ವಯಸ್ಸಿನಾಗ ಇಂಥಾ ಮಾತು ಕೇಳಿಲ್ಲ” ಎಂದಳು. ಶೀಲಾ ತಡೆಯುವುದರೊಳಗೆ ಗಟ್ಟಿಯನ್ನು ಕೆರೆದು, ಬೆರಳ ತುಂಬ ಬೂದಿ ತೆಗೆದು, ತನ್ನ ಬಲಗಣ್ಣನ್ನು ಅಗಲಿಸಿ ಒಳಗೇ ಒತ್ತಿಕೊಂಡಳು. ನೆಟ್ಟಗೆ ನಿಂತು, ಏನೂ ಆಗಿಲ್ಲ ಅಂದಳು. ಗಲ್ಲದ ಮೇಲೆ ನೀರು ದಳದಳ ಇಳಿಯುತ್ತಿತ್ತು. ಏನೂ ಆಗಿಲ್ಲ ಎಂದು ಮತ್ತೊಮ್ಮೆ ಹೇಳಲು ಹೋದಳು, ಆಗಲಿಲ್ಲ. ಗೋಡೆ ಹಿಡಿದು ಕುಸಿದು ಕೂತಳು.

ಶೀಲಾ ತಂಬಿಗೆ ನೀರು ತಂದು, ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ ತೊಳೆದಳು. ಬಹಳ ಹೊತ್ತಾದ ಮೇಲೆ ಗುರುಲಿಂಗವ್ವ ಆ ಕೆಂಪು ಕಣ್ಣು ತೆರೆದಳು.

“ದಿನಾ ಇಷ್ಟ ಉರಿತಿತ್ತೇನ ನಿನಗ? ನನ್ನ ಕೈ ಯಾಕ ಹಿಡಿಲಿಲ್ಲ?”

ಶೀಲಾ ತಂಬಿಗೆಯನ್ನು ಪಕ್ಕಕ್ಕಿಟ್ಟಳು.

“ಲೆನ್ಸಿಂದ ಉರಿತೈತಿ ಅಂದ್ಕೊಂಡಿದ್ದೆ ಅತ್ತಿ. ನಿಮ್ಮ ಬೆರಳು ಇಟ್ಟಾಗ ಒಂದೀಟು ತಂಪ ಅನಸ್ತಿತ್ತು.”