ಬೆನ್ನಿನಿಂದ ಕೊಯ್ದ ಚಿತ್ರ

ನೆಲಕ್ಕೆ ಬಿದ್ದಿದ್ದ ದುಂಡನೆಯ ಕ್ಯಾನ್ವಾಸ್ ತುಂಡನ್ನು ಮಗುಚಿ ನೋಡಿದ ಸಿರಾಜ್ ಅದನ್ನು ದೀಪದ ಕೆಳಗೆ ಹಿಡಿದ. ಅಲ್ಲಿರಬೇಕಾಗಿದ್ದದ್ದು ಬಿಳಿ ವಿಗ್ಗಿನ ಫ್ರೆಂಚ್ ದೊರೆಯ ಮುಖ. ಇದ್ದದ್ದು ಗಂಟುಮೋರೆಯ ಅರಬ್ ಮುದುಕ, ಸಿರಾಜನಿಗೆ ವೀಸಾ ಕೊಟ್ಟ ಯಜಮಾನನ, ಅವನ ಕಫೀಲನ, ತೀರಿಹೋದ ತಂದೆ.

ಕೊಲ್ಲಿ ನಾಡಿನ ಖೈತಾನ್ ಬಡಾವಣೆಯಲ್ಲಿ ಸಿರಾಜ್ ಕೆಲಸಕ್ಕಿದ್ದ ಫ್ರೇಮ್ ಅಂಗಡಿಗೆ ಒಂದೇ ಅಳತೆಯ ಎರಡು ತೈಲಚಿತ್ರ ಬಂದಿದ್ದವು. ಒಂದನ್ನು ಕಫೀಲ್ ಹೊಸ ಚೌಕಟ್ಟಿಗೆಂದು ಕಳಿಸಿದ್ದ. ಇನ್ನೊಂದು ಫ್ರೆಂಚ್ ಹಾಸ್ಯ ತಂಡದ್ದು. ದೊಡ್ಡವರ ಚಿತ್ರದ ಮುಖ ಕೊಯ್ದು, ಆ ತೂತಿನಲ್ಲಿ ತಮ್ಮ ತಲೆ ತೂರಿಸಿ, ದೊಡ್ಡಸ್ತಿಕೆಯ ಮಾನ ಹರಾಜು ಹಾಕುವುದೇ ಆ ತಂಡದ ಕಸುಬು. ಬಣ್ಣ ಸಿಡಿಯಬಾರದೆಂದು ಸಿರಾಜ್ ಯಾವಾಗಲೂ ಚಿತ್ರವನ್ನು ಬೋರಲು ಹಾಕಿ ಬೆನ್ನಿನಿಂದಲೇ ಕೊಯ್ಯುವವನು. ಇವತ್ತೂ ಹಾಗೇ ಕೊಯ್ದ, ಹಾಗೇ ಕಾಗದ ಸುತ್ತಿ ಡ್ರೈವರ್ ಅಝರುದ್ದೀನನ ವ್ಯಾನಿಗೆ ಏರಿಸಿದ. ಇಷ್ಟು ವರ್ಷದ ಕೈಚಳಕ ಮಣ್ಣುಪಾಲು!

ಅಝರುದ್ದೀನನಿಗೆ ಫೋನ್ ಮಾಡಿದ.

“ಅದನ್ನು ವಾಪಸ್ ತಾ ಮಾರಾಯಾ!”

“ಎಲ್ಲಿಂದ ತರುವುದು? ಸ್ಟೇಜಿಗೆ ಹೋಗಿ ಆಯ್ತು. ಊರಿಗೆ ತಕ್ಕ ಚಿತ್ರ ಕೊಟ್ಟಿದ್ದೀರಿ ಅಂತ ಆ ತಂಡದ ಆಲಿವ್ ಮೇಡಮ್ ಭಾರೀ ಖುಷಿಯಲ್ಲಿದ್ದಾರೆ. ನಮ್ಮ ಕಫೀಲ್ ಸಹ ಬಂದಿದ್ದಾರೆ, ಎದುರಿನ ಸಾಲಲ್ಲೇ ಕೂತಿದ್ದಾರೆ.”

ಸಿರಾಜನ ಇಕಾಮಾ, ಆ ದೇಶದಲ್ಲಿರಲು ಬೇಕಾದ ಪರವಾನಗಿ, ಆ ಕಫೀಲನ ಕೈಯಲ್ಲಿತ್ತು. ಹೆಂಡತಿ ಹಸೀಬಾ ಊರಿಂದ ಬಂದು ಇನ್ನೂ ಪೆಟ್ಟಿಗೆ ಪೂರ್ತಿ ಬಿಚ್ಚಿರಲಿಲ್ಲ. ಅವಳನ್ನು ಅದೇ ಪೆಟ್ಟಿಗೆಯೊಂದಿಗೆ ವಾಪಸ್ ಕಳಿಸಬೇಕಾದೀತೆಂಬ ಭಯದಲ್ಲಿ, ಮುದುಕನ ಮುಖವನ್ನು ಎದೆಗವಚಿಕೊಂಡು ಅವನು ಟ್ಯಾಕ್ಸಿ ಹತ್ತಿದ. ಪ್ರದರ್ಶನವಿದ್ದ ಬ್ನೇದ್ ಅಲ್ ಗಾರ್ ತಲುಪುವವರೆಗೂ ಟ್ಯಾಕ್ಸಿಯವನನ್ನು ಅವಸರಿಸುತ್ತಲೇ ಇದ್ದ.

ಸಭಾಂಗಣದಲ್ಲಿ ಆಲಿವ್ ಚಿತ್ರದ ತೂತಿನಲ್ಲಿ ತಲೆ ತೂರಿಸಿ, ಹುಬ್ಬು ಗಂಟಿಕ್ಕಿ ಎಲ್ಲರನ್ನೂ ಗದರುತ್ತಿದ್ದಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ಕಫೀಲ್ ಎದ್ದು ನಿಂತ. ನಗು ಗಪ್ಪೆಂದು ನಿಂತಿತು. ಅವನು ವೇದಿಕೆ ಹತ್ತಿ, ಅವಳನ್ನು ಸರಿಯಹೇಳಿ ಚಿತ್ರದ ಹಿಂದೆ ಹೋದ. ಈಗ ತೂತಿನಲ್ಲಿ ಅವನ ಮುಖ ಬಂತು. ಅದೇ ಗಡ್ಡ, ಅದೇ ಗಂಟುಮೋರೆ. ಸತ್ತವನೇ ಎದ್ದು ಬಂದಂತಾಗಿ ಸಿರಾಜ್ ಬಾಗಿಲಿಗೆ ಆತುಕೊಂಡ.

“ಸಿರಾಜ್! ಯಲ್ಲಾ, ಇಲ್ಲಿ ಬಾ,” ಎಂದು ಕಫೀಲ್ ತೂತಿನಿಂದಲೇ ಕರೆದ.

ಹೋದ. ತುಂಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. “ತಪ್ಪಾಯ್ತು ಬಾಸ್. ಬೆನ್ನಿನಿಂದ ಕೊಯ್ದೆ, ಮುಖ ನೋಡಲಿಲ್ಲ.”

ಕಫೀಲ್ ಚಿತ್ರದ ಹಿಂದಿನಿಂದ ಬಂದು ತುಂಡನ್ನು ತೆಗೆದುಕೊಂಡ. ತಕ್ಷಣ ಅಂಗೈಯಲ್ಲಿ ಬೋರಲು ಮಾಡಿದ.

“ಅಪ್ಪನ ಮುಖ ನಾನೂ ಯಾವತ್ತೂ ನೆಟ್ಟಗೆ ನೋಡಲಿಲ್ಲ ಭಾಯಿ,” ಎಂದು ಮುರುಕು ಹಿಂದಿಯಲ್ಲಿ ಪಿಸುಗುಟ್ಟಿದ. “ಅಷ್ಟು ಭಯ. ನಾಳೆ ಇದನ್ನು ಅಂಟಿಸಿಬಿಡು. ಇವತ್ತು ಅವಳು ಆಡಲಿ.”

ಅವನು ಕುರ್ಚಿಗೆ ಮರಳಿದ. ಆಲಿವ್ ಮತ್ತೆ ತಲೆ ತೂರಿಸಿ ಗದರಿದಾಗ, ಎಲ್ಲರಿಗಿಂತ ಮೊದಲು ನಕ್ಕವನು ಅವನೇ.